ವಾಪಸಿನ ತಾರೀಕು ಫೆಬ್ರವರಿ ಮೂವತ್ತು

ಬಾವಿ ಗ್ರಂಥಾಲಯ, ಕೆಂಗುಂಡಿ
ಫೆಬ್ರವರಿ 30, 2171

ಗ್ರಂಥಾಲಯದ ಕೌಂಟರಿನಲ್ಲಿ ಕೂರುವ ಶಕುಂತಲಾ ಕೊಪ್ಪದ ಅಕ್ಕನವರಿಗೆ ನೀಲಾಂಬಿಕೆ ಹೂಗಾರಳ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಈಕೆಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಲೆ ನೆಟ್ಟಗಿದೆ, ತಾರೀಕು ಮಾತ್ರ ಸೊಟ್ಟ. ಅದು ಸೊಟ್ಟಗಾಗಲು ನೀವೇ ಕಾರಣ, ಮುಂದೆ ಹೇಳುತ್ತೇನೆ. ನೀವು ಈ ಪತ್ರ ಓದುವಾಗ ನಿಮಗೆ ಮೂವತ್ತು ವರ್ಷವೇ ಆಗಿರಬಹುದು, ನನಗೆ ಐವತ್ತಾರು. ಆದರೂ ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಹುಟ್ಟಿದವರನ್ನು ಅಕ್ಕ ಎನ್ನುವುದೇ ಕ್ಷೇಮ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಕಾಲದ ಕಾದಂಬರಿಗಳಿಂದ ಕಲಿತವಳು. ನಮ್ಮಲ್ಲಿ ಹೊಸದಾಗಿ ಹುಟ್ಟಿದ ಶಬ್ದ ಬಂದಾಗಲೆಲ್ಲ ನಿಂತು ಅರ್ಥ ಹೇಳುತ್ತೇನೆ.

ಪತ್ರ ನಿಮ್ಮನ್ನು ಹೇಗೆ ತಲುಪಿತು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮ ಗ್ರಂಥಾಲಯದವರಲ್ಲಿ ಹಿಂಟಪಾಲು ಎಂಬ ಪದ್ಧತಿ ಇದೆ. ಕೆಲಸದಿಂದ ನಿವೃತ್ತರಾಗುವ ಮೊದಲು ಪ್ರತಿಯೊಬ್ಬರೂ, ಹಿಂದೆ ಇದೇ ಕೆಲಸ ಮಾಡಿ ಹೋದ ಯಾರಾದರೂ ಒಬ್ಬರಿಗೆ ಒಂದು ಪತ್ರ ಬರೆದು, ಅವರ ಕೈ ಸೋಕಿದ ಪುಸ್ತಕದೊಳಗೆ ಇಟ್ಟುಬಿಡುತ್ತಾರೆ. ಮುಟ್ಟುತ್ತದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ನಾನು ಮುಟ್ಟುತ್ತದೆ ಎನ್ನುವ ಪಕ್ಷ. ಹೊಸ ಕಾದಂಬರಿಯನ್ನು ಓದದವನ ಕೈಗೆ ಕೊಟ್ಟು, ಇವನು ಓದಿಯೇ ಓದುತ್ತಾನೆ ಎಂದು ಮೂವತ್ತೊಂದು ವರ್ಷ ನಂಬಿದವಳಿಗೆ ಇದೇನು ದೊಡ್ಡದಲ್ಲ.

ನಮ್ಮೂರು ಕಪ್ಪತಗುಡ್ಡದ ಬುಡದಲ್ಲಿದೆ. ಗ್ರಂಥಾಲಯವಿರುವುದು ನೀರು ಬತ್ತಿದ ಹಳೆಯ ಮೆಟ್ಟಿಲುಬಾವಿಯೊಳಗೆ. ಬಾವಿಗೆ ಬೀಳುವುದು ಎಂದರೆ ನಮ್ಮಲ್ಲಿ ಓದುವ ಚಟ ಹತ್ತುವುದು ಎಂದೇ ಅರ್ಥ. ಮೇಲೆ ನೆರಳಿನ ಚಾವಣಿ, ಕೆಳಗೆ ಆರು ಹಂತ, ಹಂತಕ್ಕೊಂದು ಸಾಲು ಪುಸ್ತಕ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಬಿಸಿಲ್ರಜೆ. ಆಗ ಬಯಲಿನಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಊರಿನ ಅರ್ಧ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ನಮ್ಮ ಬಾವಿಗೆ ಇಳಿಯುತ್ತಾರೆ. ಓದಲು ಬರುತ್ತಾರೆ ಎಂದು ಸುಳ್ಳು ಹೇಳಲಾರೆ, ತಂಪಿಗೆ ಬರುತ್ತಾರೆ. ಕಲ್ಲಿಗೆ ಬೆನ್ನು ಕೊಟ್ಟು, ಕಿವಿಗೆ ಗುಂಡಿ ಸಿಕ್ಕಿಸಿಕೊಂಡು, ತನ್ನಕತೆ ಕೇಳುತ್ತ ಕೂರುತ್ತಾರೆ. ತನ್ನಕತೆ ಎಂದರೆ ಯಂತ್ರವು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೆಣೆದು ಕೊಡುವ ಕತೆ. ಕೇಳುವವನೇ ಅದರಲ್ಲಿ ನಾಯಕ. ಅವನು ಸೋಲುವುದಿಲ್ಲ, ಸೋತರೂ ಕೊನೆಗೆ ಗೆಲ್ಲುವುದಕ್ಕಾಗಿ ಸೋಲುತ್ತಾನೆ. ಒಬ್ಬನ ಕತೆ ಇನ್ನೊಬ್ಬನಿಗೆ ಗೊತ್ತಿಲ್ಲ, ಆದ್ದರಿಂದ ಅದರ ಬಗ್ಗೆ ಜಗಳವಾಡಲು ಯಾರೂ ಸಿಗುವುದಿಲ್ಲ. ನನಗೆ ಅದರ ಮೇಲೆ ದ್ವೇಷವೇನಿಲ್ಲ. ಜ್ವರ ಬಂದಾಗ ನಾನೂ ಕೇಳಿದ್ದೇನೆ, ಅದರಲ್ಲಿ ನನ್ನ ಮೂಗು ಬಹಳ ಚೆಂದವಿತ್ತು.

ಹೀಗಿದ್ದರೂ ಮನುಷ್ಯರು ಕಾದಂಬರಿ ಬರೆಯುವುದನ್ನು ಬಿಟ್ಟಿಲ್ಲ. ಬರೆದದ್ದನ್ನು ಯಂತ್ರದ ಬಾಯಿಗೆ ಕೊಟ್ಟರೆ ಅದು ಕಲಸಿ ಎಲ್ಲರ ತನ್ನಕತೆಗೂ ಹಚ್ಚಿಬಿಡುತ್ತದೆ ಎಂದು ಅವರು ಕಾಗದದ ಮೇಲೆ ಮಾತ್ರ ಅಚ್ಚು ಹಾಕಿಸುತ್ತಾರೆ. ಕಾಗದಕ್ಕೆ ಬರ. ಅದಕ್ಕಾಗಿ ಹದವರ್ಷ ಎಂಬ ಕಟ್ಟಳೆ: ಹೊಸ ಕಾದಂಬರಿಯ ಒಂದೇ ಪ್ರತಿ ಬರೆದವರ ಊರಿನ ಗ್ರಂಥಾಲಯದಲ್ಲಿ ಮಾರ್ಚಿಯಿಂದ ಫೆಬ್ರವರಿಯವರೆಗೆ ಇರುತ್ತದೆ. ಅಷ್ಟರೊಳಗೆ ಏಳು ಜನ ಅದನ್ನು ಕೊನೆಯ ಪುಟದವರೆಗೆ ಓದಿ, ಬಂದು ನಮ್ಮೆದುರು ಅದರ ಬಗ್ಗೆ ಮಾತಾಡಬೇಕು. ಹೊಗಳಬೇಕೆಂದಿಲ್ಲ, ಮಾತಾಡಿದರೆ ಸಾಕು. ಏಳಾದರೆ ನಾಡಿನ ಎಲ್ಲ ಗ್ರಂಥಾಲಯಗಳಿಗೂ ಪ್ರತಿ ಹೋಗುತ್ತದೆ. ಆಗದಿದ್ದರೆ ಪುಸ್ತಕ ನೆನೆತೊಟ್ಟಿಗೆ ಬೀಳುತ್ತದೆ, ಅಂದರೆ ಹಳೆಯ ಕಾಗದವನ್ನು ನೆನೆಸಿ ಹೊಸ ಕಾಗದ ಮಾಡುವ ತೊಟ್ಟಿಗೆ. ಹಾಗಾಗಿ ನಮ್ಮ ಕಾಲದಲ್ಲಿ ಗ್ರಂಥಾಲಯದವರ ಕೆಲಸ ಪುಸ್ತಕ ಕಾಯುವುದಲ್ಲ, ಪುಸ್ತಕಕ್ಕೆ ಜನ ಹುಡುಕುವುದು. ನಾನು ಯಾರಿಗೂ ಯಾವ ಥರದ ಪುಸ್ತಕ ಬೇಕೆಂದು ಕೇಳುವುದಿಲ್ಲ. ಇತ್ತೀಚೆಗೆ ಯಾರ ಮೇಲೆ ಸಿಟ್ಟು ಬಂದಿತ್ತು ಎಂದು ಕೇಳುತ್ತೇನೆ. ಉತ್ತರ ಕೇಳಿದ ಮೇಲೆ ಯಾವ ಹಂತದ ಯಾವ ಪುಸ್ತಕ ಎನ್ನುವುದು ನನಗೆ ತಾನಾಗಿ ಹೊಳೆಯುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ. ಸಂಕೋಚ ಬಿಟ್ಟು ಹೇಳುತ್ತಿದ್ದೇನೆ.

ಕಳೆದ ಮಾರ್ಚಿಯಲ್ಲಿ ಹಸೀನಾ ನದಾಫ್ ಎಂಬ ನಮ್ಮೂರ ಹೆಣ್ಣುಮಗಳು ತನ್ನ ಮೊದಲ ಕಾದಂಬರಿ ತಂದುಕೊಟ್ಟಳು. ಹೆಸರು 'ಅಂಟಿದ ಲಕೋಟೆ'. ಐದು ವರ್ಷ ಬರೆದಿದ್ದಳು. ಹೇಮಾ ಎಂಬಾಕೆ ತಂಗಿಗೆ ಬಂದ ಒಂದು ಪತ್ರವನ್ನು ಅವಳ ಒಳ್ಳೆಯದಕ್ಕೇ ಎಂದು ಮುಚ್ಚಿಟ್ಟು, ಹನ್ನೊಂದು ವರ್ಷ ಅದರ ಜೊತೆ ಬದುಕುವ ಕತೆ. ಎರಡು ಮಧ್ಯಾಹ್ನದಲ್ಲಿ ಓದಿ ಮುಗಿಸಿದೆ. ಮೂವತ್ತೊಂದು ವರ್ಷದಲ್ಲಿ ಒಂದು ಹೊಸ ಪುಸ್ತಕವನ್ನು ನಾನು ಅಷ್ಟು ಪ್ರೀತಿಸಿದ್ದಿಲ್ಲ. ಇದು ನೆನೆತೊಟ್ಟಿಗೆ ಬಿದ್ದರೆ ಬರೆಯುವುದನ್ನೇ ಬಿಟ್ಟು ತನ್ನಕತೆಯ ಗಿರಣಿಗೆ ಸೇರುತ್ತೇನೆ ಎಂದು ಹಸೀನಾ ನಗುತ್ತಲೇ ಹೇಳಿದ್ದಳು. ನಗು ಬಾಯಿಯಲ್ಲಿ ಮಾತ್ರ ಇತ್ತು.

ಪ್ರೀತಿಯೇ ನನ್ನನ್ನು ಕೆಡಿಸಿತು. ಕಂಡಕಂಡವರಿಗೆಲ್ಲ, ಇಂಥದ್ದು ಇನ್ನೊಂದಿಲ್ಲ, ಮೊದಲ ಸಾಲಿನಿಂದಲೇ ಹಿಡಿದುಕೊಳ್ಳುತ್ತದೆ ಎಂದು ಸಾರಿದೆ. ಅತಿಯಾದರೆ ಅಮೃತವೂ ವಿಷ. ಮೊದಲ ಸಾಲಿನಲ್ಲಿ ಹೇಮಾ ಹಪ್ಪಳ ಒಣಗಿಸುತ್ತಿದ್ದಾಳೆ, ಇಪ್ಪತ್ತನೆಯ ಪುಟದಲ್ಲೂ ಹಪ್ಪಳ ಒಣಗಿಲ್ಲ. ನಾಲ್ಕು ಜನ ಪುಸ್ತಕ ತಂದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದರು. ಡಿಸೆಂಬರ್ ಹೊತ್ತಿಗೆ ಪೂರ್ತಿ ಓದಿದವರು ಇಬ್ಬರು. ಒಬ್ಬರು ಹಸೀನಾಳ ಅತ್ತೆ.

ಆಗ ನೀವು ಸಿಕ್ಕಿರಿ. ನಾಲ್ಕನೆಯ ಹಂತದಲ್ಲಿ ಹಳೆಯ ಪುಸ್ತಕಗಳ ಧೂಳು ಒರೆಸುತ್ತಿದ್ದಾಗ ಮುಖಪುಟವಿಲ್ಲದ ಒಂದು ಕಾದಂಬರಿ ಕೈಗೆ ಬಂತು. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಕಿನ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಹೀಗಿತ್ತು: "ಮೊದಲ ಮೂವತ್ತು ಪುಟ ಬೇಜಾರು. ತಾಳಿಕೊಳ್ಳಿ. ಆಮೇಲೂ ಹಿಡಿಸದಿದ್ದರೆ ಬಂದು ನನ್ನನ್ನು ಬೈಯಿರಿ. ಶಕುಂತಲಾ ಕೊಪ್ಪದ, ಕೌಂಟರ್." ಅಕ್ಕಾ, ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ನೀವು ಮೂರು ಸಾಲಿನಲ್ಲಿ ಪಾಠ ಹೇಳಿದಿರಿ, ನಾಚಿಕೆಯಾಯಿತು. ಚೀಟಿಯಲ್ಲಿ ಇನ್ನೊಂದು ಮೋಜು ಕಂಡಿತು. ವಾಪಸಿನ ತಾರೀಕಿನ ಸಾಲಿನಲ್ಲಿ ಒಂದು ಸೀಲು ಫೆಬ್ರವರಿ 30, 2025 ಎನ್ನುತ್ತಿತ್ತು. ನಮ್ಮ ಕಸುಬಿನವರಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ. ಹದಿನೈದನೆಯ ತಾರೀಕು ಪುಸ್ತಕ ಕೊಟ್ಟಿದ್ದೀರಿ, ಹದಿನೈದು ದಿನದ ಅವಧಿ, ಹದಿನೈದಕ್ಕೆ ಹದಿನೈದು ಕೂಡಿಸಿ ಸೀಲಿನ ದಿನದ ಗಾಲಿ ತಿರುಗಿಸಿದ್ದೀರಿ, ತಿಂಗಳ ಗಾಲಿ ಮರೆತಿದ್ದೀರಿ. ಬಹುಶಃ ಬಂದವರಿಗೆ ಆ ಪುಸ್ತಕದ ಬಗ್ಗೆ ಹೇಳುವ ಭರದಲ್ಲಿದ್ದಿರಿ. ನಾನೂ ಹಾಗೆಯೇ ಎಷ್ಟೋ ಸಲ ತಪ್ಪು ಸೀಲು ಹೊಡೆದಿದ್ದೇನೆ.

ಅಂದಿನಿಂದ ನಿಮ್ಮ ದಾರಿ ಹಿಡಿದೆ. ಹಪ್ಪಳ ಒಣಗುವವರೆಗೆ ತಾಳಿಕೊಳ್ಳಿ, ಆಮೇಲೆ ಬಂದು ಬೈಯಿರಿ ಎಂದು ಹೇಳತೊಡಗಿದೆ. ಜನವರಿ ಮುಗಿಯುವುದರೊಳಗೆ ಆರು ಜನ ಆದರು. ಬೈಯಲು ಬಂದ ಇಬ್ಬರು ಬೈಯುವುದನ್ನು ಮರೆತು ಬಿಸಿಲ್ರಜೆ ಮುಗಿದ ಮೇಲೂ ಮಾತಾಡಿದರು. ಏಳನೆಯವನಾಗಿ ನಾನು ಆರಿಸಿದ್ದು ಫಕೀರಪ್ಪ ಬಳಿಗಾರನನ್ನು. ಗುಡ್ಡದ ಮೇಲಿನ ಗಾಳಿಕಂಬ ಹತ್ತಿ ರಿಪೇರಿ ಮಾಡುವವನು, ನಲವತ್ತು ದಾಟಿದವನು, ಹುಟ್ಟಿದಾಗಿನಿಂದ ತನ್ನಕತೆ ಬಿಟ್ಟು ಬೇರೆ ಕತೆ ಕಂಡವನಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದಾಗ ತಮ್ಮನ ಹೆಸರು ಹೇಳಿದ. ಯಾಕೆ ಎಂದರೆ ಹೇಳಲಿಲ್ಲ. ಇವನಿಗೇ ಸರಿ ಎಂದು ಫೆಬ್ರವರಿ ಹದಿಮೂರಕ್ಕೆ ಪುಸ್ತಕ ಕೊಟ್ಟು ಇಪ್ಪತ್ತೆಂಟರ ಸೀಲು ಹೊಡೆದೆ. ಮೂರನೆಯ ದಿನವೇ ಬಂದು ಗೊಣಗಿದ: "ಅಕ್ಕಾರ, ಇದರಾಗ ನಾ ಎಲ್ಲೂ ಇಲ್ಲಲ್ರಿ." ಇಲ್ಲ, ಇರುವುದೂ ಇಲ್ಲ, ಓದು ಎಂದೆ. ತಲೆ ಕೆರೆದುಕೊಂಡು ಹೋದ.

ಇಪ್ಪತ್ತೆಂಟರ ಮಧ್ಯಾಹ್ನ ಅವನು ನೂರ ಅರವತ್ತನೆಯ ಪುಟದಲ್ಲಿದ್ದ. ಪುಸ್ತಕ ಮುನ್ನೂರು ಪುಟದ್ದು. ಬೆರಳಿಟ್ಟು ಓದುವವನಿಗೆ ದಿನಕ್ಕೆ ಹತ್ತು ಪುಟವೇ ಹೆಚ್ಚು. ಸಂಜೆ ಐದಕ್ಕೆ ತೊಟ್ಟಿಯ ಅಧಿಕಾರಿ ವಿರೂಪಾಕ್ಷಯ್ಯನವರು ಗಾಡಿ ತರುವವರಿದ್ದರು. ಕಟ್ಟಳೆ ಹೀಗಿದೆ: ಓದುಗನ ಕೈಯಲ್ಲಿರುವ ಪುಸ್ತಕವನ್ನು ವಾಪಸಿನ ತಾರೀಕು ಮುಗಿಯುವವರೆಗೆ ಮುಟ್ಟುವಂತಿಲ್ಲ, ಆದರೆ ಆ ತಾರೀಕು ಫೆಬ್ರವರಿ ತಿಂಗಳನ್ನು ದಾಟುವಂತಿಲ್ಲ. ಹಸೀನಾ ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಆಗ ನಿಮ್ಮ ಚೀಟಿ ನೆನಪಾಯಿತು. ನಮ್ಮ ಸೀಲೂ ನಿಮ್ಮದರಂತೆ ಗಾಲಿಗಳದ್ದೇ, ದಿನದ ಗಾಲಿಗೆ ತಿಂಗಳ ಗಾಲಿಯ ಪರಿಚಯವಿಲ್ಲ. ತಿರುಗಿಸಿದೆ, ಒತ್ತಿದೆ: ಫೆಬ್ರವರಿ 30.

ವಿರೂಪಾಕ್ಷಯ್ಯನವರು ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಯಾವ ತಾರೀಕ್ರಿ ಅಕ್ಕಾರ?" ಎಂದರು. ಫೆಬ್ರವರಿ ದಾಟಿಲ್ಲ ನೋಡ್ರಿ ಸಾಹೇಬ್ರ, ಎಂದೆ. ಅವರು ಒಮ್ಮೆ ಹಸೀನಾಳನ್ನು, ಒಮ್ಮೆ ಮೂಲೆಯಲ್ಲಿ ತುಟಿ ಅಲ್ಲಾಡಿಸುತ್ತ ಓದುತ್ತಿದ್ದ ಫಕೀರಪ್ಪನನ್ನು ನೋಡಿದರು. "ಕಾಯ್ದೆ ಪ್ರಕಾರ ಐತಿ. ಆ ತಾರೀಕು ಬಂದ ದಿನ ಬರ್ತೀನಿ, ತಗೋರಿ" ಎಂದು ಖಾಲಿ ಗಾಡಿ ತಿರುಗಿಸಿಕೊಂಡು ಹೋದರು. ಇದು ಮೋಸವೇ ಎಂದು ನೀವು ಕೇಳಬಹುದು. ಹೌದು, ಸಣ್ಣ ಮೋಸ. ಇನ್ನೊಮ್ಮೆ ಇಂಥ ಪುಸ್ತಕ ಬಂದರೆ ಇನ್ನೊಮ್ಮೆ ಮಾಡುತ್ತೇನೆ.

ಅಂದಿನಿಂದ ನಮ್ಮ ಬಾವಿಯೊಳಗೆ ದಿನಾ ಫೆಬ್ರವರಿ ಮೂವತ್ತೇ, ಈ ಪತ್ರದ ತಾರೀಕೂ ಅದೇ. ಹೊರಗಿನ ಕ್ಯಾಲೆಂಡರಿನಲ್ಲಿ ಮಾರ್ಚಿ ಹದಿನಾರರಂದು ಫಕೀರಪ್ಪ ಬಂದ. ಪುಸ್ತಕವನ್ನು ಮೇಜಿನ ಮೇಲೆ ಬಡಿದ. "ಆ ಹೇಮಾ ಮಾಡಿದ್ದು ತಪ್ಪು ಅಕ್ಕಾರ. ಪತ್ರ ತಂಗೀದು. ಮುಚ್ಚಿಡಾಕ ಇಕಿ ಯಾರು?" ಎಂದ. ಹಸೀನಾ ಅಲ್ಲೇ ಇದ್ದಳು. ಇವಳೇ ಬರೆದವಳು ಎಂದು ತೋರಿಸಿದೆ. ಅವಳನ್ನೂ ಬಿಡಲಿಲ್ಲ. ಒಂದು ಗಂಟೆ ಬೈದ, ಹೇಮಾಳನ್ನು ಬೈದ, ಬೈಯುತ್ತ ಬೈಯುತ್ತ ಅವಳ ಪರವಾಗಿಯೂ ನಾಲ್ಕು ಮಾತಾಡಿದ, ಕೊನೆಗೆ ಪುಸ್ತಕವನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ. ತನ್ನ ಹೆಸರಿಲ್ಲದ ಕತೆಗಾಗಿ ಒಬ್ಬ ಮನುಷ್ಯ ಅಷ್ಟು ಸಂಕಟಪಟ್ಟದ್ದು ನೋಡಿ ನನಗೆ ಅಳು ಬಂತು, ಸಂತೋಷದಿಂದಲೇ ಬಂತು. ಹಸೀನಾ ಅವನ ಪ್ರತಿ ಬೈಗುಳಕ್ಕೂ ತಲೆಯಾಡಿಸುತ್ತ ಕುಳಿತಿದ್ದಳು. ನಾನು ದಫ್ತರದಲ್ಲಿ ಏಳು ಎಂದು ಬರೆದೆ. 'ಅಂಟಿದ ಲಕೋಟೆ' ಈಗ ನೂರಾರು ಊರುಗಳಿಗೆ ಹೋಗುತ್ತಿದೆ.

ಪತ್ರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಫಕೀರಪ್ಪ ಇನ್ನೊಂದು ಕೊಡ್ರಿ ಎಂದು ಕೈ ಚಾಚಿದ, ನಾನು ನಿಮ್ಮ ಆ ಮುಖಪುಟವಿಲ್ಲದ ಕಾದಂಬರಿ ಕೊಟ್ಟೆ. ಅವನು ಕಂಬ ಹತ್ತುವವನಲ್ಲವೇ, ಮೇಲೆ ಕೆಳಗೆ ಎಲ್ಲ ತಿರುವಿ ನೋಡುವ ಅಭ್ಯಾಸ. ಎರಡು ವಾರದ ಮೇಲೆ ಬಂದು, ಸಡಿಲವಾಗಿದ್ದ ಚೀಟಿಯ ಬೆನ್ನು ತೋರಿಸಿದ. ನನ್ನ ಕಣ್ಣಿಗೆ ಬೀಳದಿದ್ದ ಇನ್ನೊಂದು ಪೆನ್ಸಿಲ್ ಸಾಲು ಅಲ್ಲಿತ್ತು: "ಇದು ಹಿಡಿಸಿದವರು 'ಮೂರನೇ ತಿರುವಿನ ಬಂಡಿ' ಓದಲೇಬೇಕು. ಇದಕ್ಕಿಂತ ಚೆನ್ನಾಗಿದೆ. ಹೊಸದು, ಇನ್ನೂ ಯಾರೂ ಒಯ್ದಿಲ್ಲ. ನನ್ನ ಮೇಜಿನ ಮೇಲೇ ಇದೆ, ಕೇಳಿ." ಅದನ್ನು ಕೊಡ್ರಿ ಎಂದ. ಆರು ಹಂತ ಹುಡುಕಿದೆ. ನಾಡಿನ ಎಲ್ಲ ಗ್ರಂಥಾಲಯಗಳಿಗೆ ಕೇಳಿ ಕಳಿಸಿದೆ. ಎಲ್ಲೂ ಇಲ್ಲ, ಯಾವ ಪಟ್ಟಿಯಲ್ಲೂ ಹೆಸರಿಲ್ಲ.

ಅಂದರೆ ಅಕ್ಕಾ, ಅದನ್ನು ಆಮೇಲೂ ಯಾರೂ ಒಯ್ಯಲಿಲ್ಲ, ಅದು ಈಗಲೂ ನಿಮ್ಮ ಮೇಜಿನ ಮೇಲಿದೆ. ಚೀಟಿಯಲ್ಲಿ ಬರೆದಿಟ್ಟರೆ ಸಾಲದು, ಎದ್ದು ನಿಂತು ಕೊಡಿ. ಇವತ್ತು ಕೌಂಟರಿಗೆ ಬರುವ ಮೊದಲ ಮನುಷ್ಯ ಪತ್ರಿಕೆ ಓದಲು ಬಂದಿರಲಿ, ದಾರಿ ಕೇಳಲು ಬಂದಿರಲಿ, ಅವರ ಕೈಗೇ ಕೊಡಿ. ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಪುಸ್ತಕ ಬಂದೇ ಬರುತ್ತದೆ ಎಂದು ಫಕೀರಪ್ಪನಿಗೆ ಮಾತು ಕೊಟ್ಟಿದ್ದೇನೆ. ಅವನು ಬಿಸಿಲ್ರಜೆಯಲ್ಲಿ ದಿನಾ ಬಂದು, ಬಂತೇನ್ರಿ ಅಕ್ಕಾರ, ಎಂದು ಕೇಳುತ್ತಿದ್ದಾನೆ.