ಬೀದಿ ಕಡೆಯ ಕೋಣೆ

ಥಾರ್ನ್‌ಕ್ಲಫ್, ಯಾರ್ಕ್‌ಷೈರ್
ಗುರುವಾರ, ೯ ಮೇ ೧೯೭೪

ಪ್ರೀತಿಯ ಲಿನೆಟ್,

ನಿನ್ನ ಕೆಮ್ಮು ಹೇಗಿದೆ? ಕುತ್ತಿಗೆಗೆ ಏನೂ ಸುತ್ತಿಕೊಳ್ಳದೆ ಓಡಾಡುವುದು ಈಗಿನ ಫ್ಯಾಷನ್ ಇರಬಹುದು, ಕೆಮ್ಮಿಗೆ ಅದು ಗೊತ್ತಾಗುವುದಿಲ್ಲ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ನಿನ್ನ ಚಿಕ್ಕಜ್ಜಿ ಎಡ್ನಾ ಆಸ್ಪತ್ರೆ ಬೇಡವೆಂದು ಹಟ ಹಿಡಿದು ನಮ್ಮ ಮನೆಯ ಮಹಡಿಯಲ್ಲೇ ಮಲಗಿದ್ದಾಳೆ. ಡಾಕ್ಟರು ದಿನವೂ ಬಂದು, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋಗುತ್ತಾರೆ.

ಶನಿವಾರ ನಿನ್ನಪ್ಪನ ಜೊತೆ ನಿನ್ನ ವಿಶ್ವವಿದ್ಯಾಲಯಕ್ಕೆ ಬಂದಿದ್ದೆ. ನೀನು ಲೈಬ್ರರಿಯಲ್ಲಿದ್ದೆಯಂತೆ, ಒಳ್ಳೆಯದೇ ಆಯಿತು. ಮೊಮ್ಮಗಳು ಇತಿಹಾಸ, ಕಲೆ, ಸಂಸ್ಕೃತಿ ಓದುತ್ತಾಳೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅಲ್ಲಿನ ಪ್ರದರ್ಶನಕ್ಕೆಂದು ನೀನು ಪಿಂಗಾಣಿ ನಾಯಿಗಳ ಜೋಡಿಯನ್ನು ಕೇಳಿದೆ, ನಾನು ಕೊಟ್ಟೆ. ನಾನು ಪ್ರಾರ್ಥನೆಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮಗಳು ಸೇರಿ ಸೋಫಾ, ಗಡಿಯಾರ, ಕನ್ನಡಿ, ಲೇಸಿನ ಪರದೆ ಎಲ್ಲವನ್ನೂ ವ್ಯಾನಿಗೆ ತುಂಬಿದಿರಿ. ಬೀದಿ ಕಡೆಯ ಕೋಣೆಯಲ್ಲಿ ಈಗ ಉಳಿದಿರುವುದು ಗೋಡೆ ಮಾತ್ರ.

ಪ್ರದರ್ಶನದಲ್ಲಿ ನನ್ನ ಕೋಣೆಯನ್ನು ಹಾಗೇ ಜೋಡಿಸಿ, ಸುತ್ತ ಹಗ್ಗ ಕಟ್ಟಿದ್ದೀರಿ. ನಾಯಿಗಳನ್ನು ಒಂದಕ್ಕೊಂದು ಬೆನ್ನು ಮಾಡಿ ಕೂರಿಸಿದ್ದೀರಿ, ಜಗಳವಾಡಿದ ಗಂಡ ಹೆಂಡಿರ ಹಾಗೆ. ಮೈಮೇಲೆ ಧೂಳು ಬೇರೆ. ಕರವಸ್ತ್ರ ತೆಗೆದು ಒರೆಸಲು ಹೋದರೆ ಕಾವಲಿನವನು, “ಅಮ್ಮಾ, ಮುಟ್ಟಂಗಿಲ್ಲ” ಅಂದ. “ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷದಿಂದ ಇದನ್ನ ಒರೆಸ್ತಿರೋಳು ನಾನೇ ಕಣಯ್ಯಾ” ಅಂದೆ. ನಿನ್ನಪ್ಪ ಕಿಟಕಿ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿದ್ದ ಮುತ್ತಿನ ಸರದ ಹೆಂಗಸೊಬ್ಬಳು ನೀನು ಬರೆದ ಚೀಟಿಯನ್ನು ಜೋರಾಗಿ ಓದಿದಳು: ‘ಕಾರ್ಮಿಕರ ಮನೆಯಲ್ಲಿ ತೋರಿಕೆಗಾಗಿ ಇಟ್ಟ, ಯಾರೂ ಬಳಸದ ಕೋಣೆ.’ ಆಮೇಲೆ, “ಪಾಪ, ಕೂರೋಕೂ ಧೈರ್ಯ ಇರ್ಲಿಲ್ವೇನೋ” ಅಂತ ನಕ್ಕಳು.

ಯಾರೂ ಬಳಸದ ಕೋಣೆಯೇ, ಲಿನೆಟ್? ನನ್ನ ಅಪ್ಪ, ಅಮ್ಮ, ನಿನ್ನ ತಾತ, ಎಲ್ಲರೂ ಮಣ್ಣಿಗೆ ಹೋಗುವ ಮೊದಲು ಶವಪೆಟ್ಟಿಗೆಯಲ್ಲಿ ಮಲಗಿದ್ದು ಆ ಕೋಣೆಯಲ್ಲಿ. ಬೀದಿಯವರೆಲ್ಲ ಶೂ ಒರೆಸಿಕೊಂಡು ಒಳಗೆ ಬಂದು ಮುಖ ನೋಡಿ ಹೋದದ್ದು ಅಲ್ಲಿ. ಗಿರಣಿಯಲ್ಲಿ ಜೀವಮಾನವೆಲ್ಲ ಧಣಿಗಳೆದುರು ಕೈಕಟ್ಟಿ ನಿಂತವರಿಗೆ ಒಂದು ಸಲವಾದರೂ ಒಳ್ಳೆಯ ಕೋಣೆ ಸಿಗಲಿ ಎಂದು ನಾವು ಅಡುಗೆಮನೆಯಲ್ಲಿ ಒತ್ತಿಕೊಂಡು ಬದುಕಿದೆವು. ತಾತ ಹೋದಾಗ ನೀನು ಸಣ್ಣವಳು, ನಿನ್ನನ್ನು ಪಕ್ಕದ ಮನೆಗೆ ಕಳಿಸಿದ್ದೆವು. ನೀನು ನೋಡಿಲ್ಲ ಅಂದಮೇಲೆ ಚೀಟಿ ಬರೆಯುವ ಮೊದಲು ನನ್ನನ್ನು ಕೇಳಬಹುದಿತ್ತು. ನೀನು ನಿನ್ನ ಪ್ರೊಫೆಸರರನ್ನು ಕೇಳಿದೆ, ಪುಸ್ತಕಗಳನ್ನು ಕೇಳಿದೆ, ಕೋಣೆಯ ಯಜಮಾನಿಗೆ ಮಾತ್ರ ಬಾಯಿಲ್ಲ ಅಂದುಕೊಂಡೆ.

ಮಹಡಿಯಿಂದ ಎಡ್ನಾ ದಿನಾ ಕೂಗುತ್ತಾಳೆ: “ಅಕ್ಕಾ, ಕೋಣೆ ವಾಪಸ್ ಬಂತೇನೇ? ಬೋಳು ಕೋಣೇಲಿ ನನ್ನ ಮಲಗ್ಸಿದ್ರೆ ಎದ್ದು ಅಡುಗೆಮನೆಗೆ ನಡ್ಕೊಂಡ್ ಹೋಗ್ತೀನಿ ನೋಡು!” ನಗುತ್ತಾಳೆ, ಆಮೇಲೆ ಉಸಿರು ಸಿಗುವುದಿಲ್ಲ. ಅವಳಿಗೆ ನಾನು ಮಾತು ಕೊಟ್ಟಿದ್ದೇನೆ. ನಿನ್ನ ಪ್ರದರ್ಶನ ಮುಗಿಯಲಿ ಬಿಡಲಿ, ಭಾನುವಾರದೊಳಗೆ ಎಲ್ಲವೂ ಇಲ್ಲಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಆರೋಗ್ಯವನ್ನೂ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಜ್ಜಿ,
ಹಿಲ್ಡಾ ಸಟ್‌ಕ್ಲಿಫ್

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನಪ್ಪ ಮೇಲಿನಿಂದ ಕರೆದ. ಎಡ್ನಾ ಹೋದಳು. ನಿನ್ನ ಹಾಸ್ಟೆಲಿನ ಫೋನು ಯಾರೂ ಎತ್ತುತ್ತಿಲ್ಲ. ಎದುರುಮನೆಯವರು ಕುರ್ಚಿ, ಪರದೆ ಕೊಟ್ಟಿದ್ದಾರೆ. ಪರದೆ ಗಿಡ್ಡ, ಆದರೂ ಕಟ್ಟಿದ್ದೇನೆ. ವ್ಯಾನಿಗಾಗಿ ಕಾಯಬೇಡ, ಸೋಫಾ ಅಲ್ಲೇ ಇರಲಿ. ನಾಯಿಗಳನ್ನು ಮಾತ್ರ ಚೀಲದಲ್ಲಿಟ್ಟುಕೊಂಡು ಮೊದಲ ರೈಲಿಗೆ ಬಾ. ಈ ಸಲ ನಿನ್ನನ್ನು ಪಕ್ಕದ ಮನೆಗೆ ಕಳಿಸುವುದಿಲ್ಲ. ನನ್ನ ಜೊತೆ ಅವಳ ಬಳಿ ಕೂರು. ವಿಶ್ವವಿದ್ಯಾಲಯಕ್ಕೆ ಹಿಂದಿರುಗಿದ ಮೇಲೆ ಆ ಚೀಟಿಯನ್ನು ನೀನೇ ಹೊಸದಾಗಿ ಬರಿ. ನಾನು ಹೇಳಿಕೊಡುವುದಿಲ್ಲ.