ಹನ್ನೆರಡನೇ ಪುಟದ ಬೀರು

ಪ್ರೀತಿಯ ತಂಗಿಗೆ,

ನೀನು ಬರೆದ ದೆವ್ವದ ಕಾಮಿಕ್ಸ್ ಓದಿದೆ. ಅಭಿಪ್ರಾಯ ಕೇಳಿದ್ದೆಯಲ್ಲ, ರಕ್ತ ಸ್ವಲ್ಪ ಜಾಸ್ತಿಯಾಯಿತು, ದೆವ್ವ ನೋಡಿ ನಗು ಬಂತು. ಆದರೆ ಹನ್ನೆರಡನೇ ಪುಟದಲ್ಲಿ ನಗು ನಿಂತುಹೋಯಿತು. ಹುಡುಗಿಯನ್ನು ಕೂಡಿಹಾಕಿದ ಆ ಬೀರು ನಮ್ಮನ್ನು ಸಾಕಿದ ಸೋದರತ್ತೆಯದು. ಮುರಿದ ಹಿಡಿಕೆಯೂ ಅದೇ. "ಅವಳು ಟ್ಯೂಷನ್‌ಗೆ ಹೋಗಿದಾಳೆ" ಎಂದು ಅತ್ತೆ ಹೇಳಿದಾಗಲೆಲ್ಲ ನೀನು ಅದರೊಳಗಿದ್ದೆಯಾ?

ನಿನ್ನೆ ಪುಸ್ತಕ ತೋರಿಸಿ ಅವರನ್ನೇ ಕೇಳಿದೆ. "ಹಟ ಮಾಡ್ತಿದ್ಲು, ಕೂಡಿಹಾಕ್ದೆ. ಅದಕ್ಕೇನೀಗ?" ಅಂದರು. ಪುಸ್ತಕ ತೆಗೆದುಕೊಂಡು ಎದ್ದು ಬಂದೆ.

ಮರುಮುದ್ರಣಕ್ಕೆ ಒಂದು ತಿದ್ದುಪಡಿ ಮಾಡು. ಕೊನೆಯಲ್ಲಿ ಅಕ್ಕ ಓಡಿಬಂದು ಬಾಗಿಲು ತೆರೆಯುತ್ತಾಳೆ ಎಂದು ಬರೆದಿದ್ದೀಯ, ಅದನ್ನು ತೆಗೆದುಬಿಡು. ಒಳಗಿನಿಂದ ತಟ್ಟುವ ಸದ್ದು ನನಗೂ ಕೇಳಿಸಿತ್ತು. ಇಲಿ ಇರಬೇಕೆಂದು ರೇಡಿಯೋ ಜೋರು ಮಾಡಿದ್ದೆ.

ಇಂತಿ,
ನಿನ್ನ ಅಕ್ಕ