ನೋಡೋಣ ಎಂದರೆ ಒಪ್ಪಿಗೆಯಲ್ಲ

ಸಂರಕ್ಷಣಾ ಸಂಸ್ಥೆಯ ಯೋಜನಾ ನಿರ್ದೇಶಕರಾದ ಮಾನ್ಯರೇ,

ನೀವು ಒಂದು ಊರಿನ ಕೆರೆಗೆ ಬೇಲಿ ಹಾಕಿಸಿದ್ದೀರಿ. ಊರಿನವರೇ ಒಪ್ಪಿ ಹಾಕಿಸಿಕೊಂಡರು ಎಂದು ಸಿಕ್ಕ ವೇದಿಕೆಯಲ್ಲೆಲ್ಲ ಹೇಳುತ್ತಿದ್ದೀರಿ. ಊರಿನವರು ಒಪ್ಪಿರಲಿಲ್ಲ. ಅವರು ನಿಮಗೆ "ನೋಡೋಣ" ಎಂದಿದ್ದರು, ಅಷ್ಟೆ. ಆ ಒಂದು ಮಾತನ್ನು ನೀವು ತಪ್ಪಾಗಿ ತಿಳಿದುಕೊಂಡದ್ದರಿಂದ ಚಾಪೆ ಹೆಣೆದು ಬದುಕುತ್ತಿದ್ದ ಹೆಂಗಸೊಬ್ಬಳ ಕೈ ಬರಿದಾಯಿತು, ಒಂದೇ ಬೀದಿಯ ಅಣ್ಣ ತಮ್ಮಂದಿರು ಮಾತು ಬಿಟ್ಟರು. ತಪ್ಪಾಗಿ ತಿಳಿದುಕೊಂಡಿರಿ ಎಂದು ಬರೆದದ್ದು ಸೌಜನ್ಯಕ್ಕೆ. ನಿಮಗೆ ಅದು ಗೊತ್ತಿತ್ತೆಂಬುದು ನನಗೆ ಗೊತ್ತು. ಹೇಳಿದವಳೇ ನಾನು.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಸಮುದಾಯವನ್ನು ಜೊತೆಗಿಟ್ಟುಕೊಂಡು ಪ್ರಕೃತಿಯನ್ನು ಕಾಯುವ ಕೆಲಸ ಕಲಿಯುತ್ತೇನೆಂದು ಸಮುದ್ರ ದಾಟಿ ಬಂದ ನಿಮ್ಮ ಇಂಟರ್ನ್‌ಗಳಲ್ಲಿ ಒಬ್ಬಳು. ನಿಮ್ಮ ಹಸಿರು ಟೀಶರ್ಟು ತೊಟ್ಟು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಕೆರೆಯ ದಂಡೆಯಲ್ಲಿ ಹಕ್ಕಿ ಎಣಿಸುತ್ತಿದ್ದವಳು. ಇದೇ ವಿಷಯವಾಗಿ ಹಿಂದೆ ನಿಮ್ಮ ಭಾಷೆಯಲ್ಲಿ ಬರೆದಿದ್ದೆ, ವ್ಯಾಕರಣವೂ ತಪ್ಪದಂತೆ, ವಿನಯವೂ ತಪ್ಪದಂತೆ. ಈ ಸಲ ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಅರ್ಥವಾಗದಿದ್ದರೆ ದುಭಾಷಿಯನ್ನು ಕರೆಸಿಕೊಳ್ಳಿ. ಹೋದ ಸಲಕ್ಕಿಂತ ಒಳ್ಳೆಯವನನ್ನು ಕರೆಸಿಕೊಳ್ಳಿ ಎಂದು ವಿನಂತಿ.

"ನೋಡೋಣ" ಎಂದರೆ ಏನು? ಇದನ್ನು ನನಗೆ ಕಲಿಸಿದ್ದು ನಮ್ಮಪ್ಪ. ಅವರು ಬಸ್ ಕಂಡಕ್ಟರ್. ದಿನವಿಡೀ "ಸೀಟಿಲ್ಲ, ಚಿಲ್ಲರೆ ಇಲ್ಲ, ಇಲ್ಲಿ ಸ್ಟಾಪಿಲ್ಲ" ಎಂದು ಇಲ್ಲಗಳನ್ನೇ ಕೂಗಿ ಬರುವ ಮನುಷ್ಯನಿಗೆ ಮನೆಯೊಳಗೆ ಮಾತ್ರ ಒಂದು "ಇಲ್ಲ" ಬಾಯಿಗೆ ಬರುತ್ತಿರಲಿಲ್ಲ. ಸೈಕಲ್ ಕೊಡಿಸಪ್ಪ ಎಂದರೆ, "ನೋಡೋಣ ಮಗಳೇ." ಆ ಸೈಕಲ್ಲನ್ನು ನಾನು ಇವತ್ತಿನವರೆಗೆ ನೋಡಿಲ್ಲ. ನಿಮ್ಮಲ್ಲಿಗೆ ಬರುವ ವಿಷಯ ತೆಗೆದಾಗಲೂ ಅಪ್ಪ ಗೋಡೆ ನೋಡಿಕೊಂಡು ಅದನ್ನೇ ಅಂದರು. ಅಡುಗೆಮನೆಯಿಂದ ಅಮ್ಮ, "ನಿಮ್ಮಪ್ಪ ನೋಡೋಣ ಅಂದ್ರಲ್ಲ, ಮುಗೀತು ಬಿಡು. ಬಾ, ಊಟ ಮಾಡು" ಎಂದಳು. ನಾನು ಮುಖ ಊದಿಸಿಕೊಂಡು ಮನೆ ತುಂಬ ಓಡಾಡಿದೆ. ಕೊನೆಗೊಂದು ಸಂಜೆ ಅಪ್ಪ ದೊಡ್ಡ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ತಂದು ಇಳಿಸಿ, "ಹೂಂ, ಹೋಗ್ಬಾ. ಇದಕ್ಕೆ ಚಕ್ರ ಇದೆ ಕಣೇ, ಈಗ ನೋಡ್ತಿದ್ದೀನಿ" ಎಂದರು. ಒಪ್ಪಿಗೆ ಎಂದರೆ ಅದು, ಮಾನ್ಯರೇ. ಅದು ಬಂದಾಗ ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಅಲ್ಲಿದ್ದು ನಾನು ಕಲಿತ ಆ ಊರಿನ ಭಾಷೆಯಲ್ಲೂ ನಮ್ಮ ನೋಡೋಣದ ಅವಳಿ ಜವಳಿಯಂಥ ಮಾತೊಂದಿದೆ. ಹೇಳುವಾಗ ಕಣ್ಣು ಪಕ್ಕಕ್ಕೆ ಸರಿಯುವುದೂ, ದನಿ ಮೆತ್ತಗಾಗುವುದೂ ಥೇಟ್ ನಮ್ಮಪ್ಪನದೇ. ಅಷ್ಟು ದೂರದ ಊರಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನನಗೆ ಮನೆಯ ನೆನಪಾಗಿತ್ತು.

ನೀವು ನನ್ನನ್ನು ಇರಿಸಿದ್ದು ಚಾಪೆ ಹೆಣೆಯುವವಳ ಮನೆಯಲ್ಲಿ. ಅವರ ಭಾಷೆಯಲ್ಲಿ ಅಮ್ಮನ ತಂಗಿಗೆ ಏನನ್ನುತ್ತಾರೋ ಹಾಗೆ ಕರೆ ಎಂದಳು. ಹಾಗಾಗಿ ನನಗೆ ಅವಳು ಚಿಕ್ಕಮ್ಮ. ಮುಂಬಾಗಿಲಿನ ಕೋಣೆಯ ಅರ್ಧ ಜಾಗ ಚಾಪೆ ಹೆಣೆಯುವ ಚೌಕಟ್ಟಿಗೆ, ಇನ್ನರ್ಧ ಕೆರೆಯಿಂದ ಕೊಯ್ದು ತಂದು ಗೋಡೆಗೆ ಒರಗಿಸಿದ ಜೊಂಡಿನ ಕಂತೆಗಳಿಗೆ. ಉಳಿದ ಸಂದಿಯಲ್ಲಿ ನನ್ನ ಹಾಸಿಗೆ. ಹಸಿ ಜೊಂಡಿನ ವಾಸನೆ ನನ್ನ ಬಟ್ಟೆಗೆಲ್ಲ ಹತ್ತಿತ್ತು. ಸಂಜೆ ನಾನು ಚಾಪೆಯ ಒಂದು ತುದಿ ಹಿಡಿದು ಕೂತರೆ, "ಬಿಗಿಯಾಗಿ ಹಿಡ್ಕೊಳ್ಳೇ, ಅದೇನು ನಿನ್ನ ಹಕ್ಕಿಯಾ ಹಾರಿಹೋಗೋಕೆ?" ಎಂದು ಗದರುತ್ತಿದ್ದಳು. ಚಿಕ್ಕಪ್ಪ ದೋಣಿ ನಡೆಸುವವನು, ನನಗೆ "ದುರ್ಬೀನು" ಎಂದು ಹೆಸರಿಟ್ಟಿದ್ದ. ನಾನೊಮ್ಮೆ ಬಾಗಿಲಲ್ಲಿದ್ದ ಬಕೆಟ್ಟನ್ನು ಎಡವಿ ಮನೆಯೆಲ್ಲ ನೀರು ಮಾಡಿದಾಗ, "ನಮ್ಮ ದುರ್ಬೀನಿಗೆ ಆಚೆ ದಡದ ಹಕ್ಕಿ ಕಾಣುತ್ತೆ, ಕಾಲ ಕೆಳಗಿಂದು ಕಾಣಲ್ಲ" ಎಂದು ನಗಾಡಿದ್ದ. ನಾನು ಆ ಮನೆಯ ಮಗಳೇ ಆಗಿಬಿಟ್ಟಿದ್ದೆ.

ಇನ್ನು ನಿಮ್ಮ ಸಭೆ. ಶಾಲೆಯ ಕೋಣೆಯಲ್ಲಿ, ಮಕ್ಕಳು ಕೂರುವ ಬೆಂಚುಗಳಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಊರಿನ ದೊಡ್ಡವರೆಲ್ಲ ಕೂತಿದ್ದರು. ನೀವು ಪರದೆಯ ಮೇಲೆ ಜೊಂಡಿನಲ್ಲಿ ಗೂಡು ಕಟ್ಟುವ ಹಕ್ಕಿಗಳ ಚಿತ್ರ ತೋರಿಸಿದಿರಿ. ಚಿತ್ರ ಚೆನ್ನಾಗಿತ್ತು. ಹಕ್ಕಿಗಳಿಗಾಗಿ ಜೊಂಡು ಕೊಯ್ಯುವುದನ್ನು ಪೂರ್ತಿ ನಿಲ್ಲಿಸೋಣವೇ, ನಿಮ್ಮ ಒಪ್ಪಿಗೆ ಇಲ್ಲದೆ ನಾವು ಒಂದು ಕಡ್ಡಿಯನ್ನೂ ಅಲುಗಾಡಿಸುವುದಿಲ್ಲ ಎಂದಿರಿ. ದುಭಾಷಿ ಅದನ್ನು ಹೇಳಿದ. ಮುಂದಿನ ಬೆಂಚಿನ ಹಿರಿಯ ಛಾವಣಿ ನೋಡಿ, ಕೆಮ್ಮಿ, "ನೋಡೋಣ" ಎಂದ. ಹಿಂದಿನಿಂದ ಇನ್ನಷ್ಟು ದನಿಗಳು, "ಹೂಂ, ನೋಡೋಣ, ನೋಡೋಣ." ಪೇಟೆಯಿಂದ ಬಂದಿದ್ದ ನಿಮ್ಮ ದುಭಾಷಿ ಹಲ್ಲು ಕಿರಿದು, "ಒಲವಿದೆ ಸರ್" ಎಂದ. ನೀವು ವಿರೋಧ ಇರುವವರು ಕೈ ಎತ್ತಿ ಎಂದಿರಿ. ಒಂದು ಕೈಯೂ ಏಳಲಿಲ್ಲ. ಮನೆಗೆ ಬಂದ ಅತಿಥಿಯೆದುರು ಯಾರು ತಾನೇ ಕೈ ಎತ್ತುತ್ತಾರೆ? ನೀವು ಚಪ್ಪಾಳೆ ತಟ್ಟಿದಿರಿ. ನೀವು ತಟ್ಟಿದಿರಲ್ಲ ಎಂದು ಅವರೂ ತಟ್ಟಿದರು.

ಆ ಸಂಜೆ ಚಿಕ್ಕಮ್ಮ ನಿರಾಳವಾಗಿ ಹೆಣೆಯುತ್ತ ಕೂತಿದ್ದಳು. ನನಗೇ ದಿಗಿಲು. "ಅವರಿಗೆ ನೇರವಾಗಿ ಬೇಡ ಅಂತ ಹೇಳಬಾರದಿತ್ತಾ ಚಿಕ್ಕಮ್ಮ?" ಎಂದೆ. "ಅಯ್ಯೋ, ಅಷ್ಟು ದೂರದಿಂದ ಬಂದೋರಿಗೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕಾಗುತ್ತೇನೇ? ನೋಡೋಣ ಅಂದ್ವಲ್ಲ, ತಿಳ್ಕೋತಾರೆ ಬಿಡು" ಎಂದು, ಇನ್ನೊಂದು ಜೊಂಡು ಎಳೆದುಕೊಂಡು ಸೇರಿಸಿದಳು: "ಪಾಪ, ಎಷ್ಟು ಬೆವರ್ತಿದ್ರು. ಬೇಜಾರಾಯ್ತೋ ಏನೋ ಅವರಿಗೆ."

ಮಾನ್ಯರೇ, ಅವಳು ನಿಮಗಾಗಿ ಮರುಗಿದಳು. ನೀವು ಸೋತು ಹೋಗುತ್ತಿದ್ದೀರಿ ಎಂದು ಮರುಗಿದಳು.

ಮಾರನೆಯ ಬೆಳಿಗ್ಗೆ ನಿಮ್ಮ ಜೀಪಿನ ಬಾಗಿಲು ಹಿಡಿದು ನಿಂತು, ಆ ಮಾತಿನ ಅರ್ಥ ಒಪ್ಪಿಗೆಯಲ್ಲ ಸರ್, ಅದು ಮೆತ್ತಗಿನ ಇಲ್ಲ ಎಂದು ನಿಮಗೆ ಬಿಡಿಸಿ ಹೇಳಿದೆ. ನೀವು ನಕ್ಕಿರಿ. "ನೀವು ತುಂಬಾ ಭಾವುಕರು. ಬೇಡ ಅನ್ನೋದಾಗಿದ್ರೆ ಬೇಡ ಅಂತಿದ್ರು. ಬಾಯಿಲ್ವಾ ಅವರಿಗೆ?" ಎಂದಿರಿ. ಇತ್ತು, ಸರ್. ಕಿವಿ ಇಲ್ಲದೆ ಹೋದದ್ದು ಬೇರೆ ಕಡೆ.

ನಾನು ಇನ್ನೂ ಅಲ್ಲಿರುವಾಗಲೇ ಬೇಲಿ ಬಂತು. ಕಾಯುವುದಕ್ಕೆ ಊರಿನವರನ್ನೇ ನೇಮಿಸಿದಿರಿ; "ಸಮುದಾಯ ಕಾವಲುಗಾರ" ಎಂದು ಬೆನ್ನ ಮೇಲೆ ಬರೆದ ಜಾಕೆಟ್ಟು ಕೊಟ್ಟಿರಿ. ಅದರಲ್ಲೊಂದು ಜಾಕೆಟ್ಟು ಚಿಕ್ಕಪ್ಪನ ತಮ್ಮನ ಮೈಗೆ ಬಂತು. ಚಿಕ್ಕಮ್ಮನಿಗೆ ಬೇಲಿ ಎಂದರೆ ದನ ಬರದಂತೆ ಹಾಕಿದ್ದು ಎಂಬ ಭಾವನೆ. ಎಂದಿನಂತೆ ಕುಡುಗೋಲು ಹಿಡಿದು ಹೊರಟಳು, ಹಗ್ಗ ಹಿಡಿದು ನಾನು ಹಿಂದೆ. ಮೈದುನ ಅಡ್ಡ ಬಂದ. "ಅತ್ತಿಗೆ, ಕುಡುಗೋಲು ಕಿತ್ಕೋಬೇಕು ಅಂತ ಹೇಳಿದ್ದಾರೆ. ನನ್ನ ಕೆಲಸ ಹೋಗುತ್ತೆ." ಅವಳು ಅವನ ಮುಖವನ್ನು ನೋಡಿದಳು, ಜಾಕೆಟ್ಟನ್ನು ನೋಡಿದಳು. ಅವನು ಕಿತ್ತುಕೊಳ್ಳುವ ಪಾಡು ಬರಬಾರದೆಂದು ತಾನೇ ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಕೊಟ್ಟಳು. "ತಗೋ. ನೀನಾದ್ರೂ ಏನು ಮಾಡ್ತೀಯ" ಎಂದಳು. ಮನೆಯ ಹಾದಿಯುದ್ದಕ್ಕೂ ನಾನು ಬರಿಯ ಹಗ್ಗ ಹಿಡಿದುಕೊಂಡು ಹಿಂದೆ ನಡೆದೆ.

ಅಂದಿನಿಂದ ಚಿಕ್ಕಪ್ಪ ತಮ್ಮನ ಮನೆಗೆ ಕಾಲಿಟ್ಟಿಲ್ಲ. ಹೇಳಿ, ನಿಮ್ಮ ಯೋಜನೆಯ ಹೆಸರಿನಲ್ಲಿ "ಸಮುದಾಯ" ಎಂಬ ಶಬ್ದವಿದೆಯಲ್ಲ, ಅದು ಯಾವುದು? ಜಾಕೆಟ್ಟಿನ ಬೆನ್ನ ಮೇಲಿರುವುದೇ?

ಹಕ್ಕಿ ಹಾಳಾಗಿ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಅವುಗಳಿಗಾಗಿಯೇ ಬಂದವಳು ನಾನು, ಇಂದಿಗೂ ಅವುಗಳೆಂದರೆ ಜೀವ. ಗೂಡಿನ ಕಾಲ ಮುಗಿಯಲಿ, ಆಮೇಲೆ ಒಂದು ಬದಿಯಲ್ಲಿ ಕೊಯ್ಯಿರಿ ಎಂದು ನೀವು ಕೇಳಿದ್ದರೆ ಏನೆನ್ನುತ್ತಿದ್ದರೋ. ಬಹುಶಃ ಹೂಂ ಎನ್ನುತ್ತಿದ್ದರು, ಬಹುಶಃ ಕಿತ್ತಾಡುತ್ತಿದ್ದರು. ನನಗೂ ಗೊತ್ತಿಲ್ಲ. ಗೊತ್ತಾಗುವಷ್ಟು ಹೊತ್ತು ನೀವು ಅಲ್ಲಿ ಕೂರಲೇ ಇಲ್ಲ.

ನನ್ನ ಹಿಂದಿನ ಪತ್ರಕ್ಕೆ ನಿಮ್ಮ ಕಚೇರಿ ಕೊಟ್ಟ ಉತ್ತರ ಒಂದೇ ಸಾಲಿನದು: "ಪರಿಶೀಲಿಸಲಾಗುವುದು." ಓದಿ ಬಿದ್ದು ಬಿದ್ದು ನಕ್ಕೆ, ಆಮೇಲೆ ಅಳು ಬಂತು. ಎಷ್ಟು ಚೆನ್ನಾಗಿ ನಿಮಗೂ ಆ ಭಾಷೆ ಬರುತ್ತದೆ! ಇದನ್ನು ನಾನು ಒಪ್ಪಿಗೆ ಎಂದುಕೊಳ್ಳಲೇ? ನಿರ್ದೇಶಕರು ಬೇಲಿ ತೆಗೆಯಲು ಒಪ್ಪಿದ್ದಾರೆ ಎಂದು ಊರೂರಿಗೆ ಸಾರಿ, ಚಪ್ಪಾಳೆ ತಟ್ಟಿ, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ತಂತಿ ಕತ್ತರಿಸಲೇ? ಯಾಕೆ, ಬೇಡ ಎನ್ನಲು ಬಾಯಿರಲಿಲ್ಲವೇ ನಿಮಗೆ?

ಚಿಕ್ಕಮ್ಮ ಈಗ ಹೆಣೆಯುತ್ತಿಲ್ಲ. ಪಕ್ಕದ ಪೇಟೆಯಲ್ಲಿ, ಹಕ್ಕಿ ನೋಡಲು ಬರುವವರಿಗೆಂದು ಎದ್ದಿರುವ ವಸತಿಗೃಹದಲ್ಲಿ ಬಟ್ಟೆ ಒಗೆಯುತ್ತಾಳೆ. ನಿಮ್ಮ ಹೊಸ ಇಂಟರ್ನ್‌ಗಳು ಇಳಿದುಕೊಳ್ಳುವುದೂ ಅಲ್ಲೇ ಎಂದು ಕೇಳಿದೆ. ಅವಳ ಚೌಕಟ್ಟು ಬಿಚ್ಚಿ ಹಿತ್ತಲಿಗೆ ಹೋಗಿದೆಯಂತೆ. ಕೋಣೆ ಈಗ ವಿಶಾಲವಾಗಿದೆ ಎಂದು ಚಿಕ್ಕಪ್ಪ ಫೋನಿನಲ್ಲಿ ಹೇಳಿದ. ಅವನು ಏನನ್ನಾದರೂ ನಗದೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಅಲ್ಲಿಂದ ಹೊರಟ ದಿನ ಚಿಕ್ಕಮ್ಮ ನನ್ನ ಗಲ್ಲ ಹಿಂಡಿ, "ಬರ್ಲಾ ಅಂತ ಕೇಳ್ಬೇಡ. ನಿನ್ನ ಮನೆ, ಬಾ ಅಷ್ಟೆ" ಎಂದಿದ್ದಳು. ಮೊನ್ನೆ ಫೋನ್ ಮಾಡಿದೆ. ಹಿಂದೆ ಬಟ್ಟೆ ಒಗೆಯುವ ಯಂತ್ರದ ಸದ್ದು. ನಾನು ಸಡಗರದಿಂದ, "ಚಿಕ್ಕಮ್ಮ, ರಜೆಗೆ ಬರ್ತಿದ್ದೀನಿ, ನಿಮ್ಮನೇಲೇ ಇರ್ತೀನಿ" ಎಂದೆ. ಯಂತ್ರ ತಿರುಗುತ್ತಲೇ ಇತ್ತು. ಆಮೇಲೆ, ಬಹಳ ಮೆತ್ತಗೆ, ನನ್ನ ಮನಸ್ಸು ನೋಯಬಾರದೆಂದು, "ನೋಡೋಣ, ಮಗಳೇ" ಎಂದಳು.

ನನಗೆ ದುಭಾಷಿ ಬೇಕಾಗಲಿಲ್ಲ, ಮಾನ್ಯರೇ. ಫೋನಿಟ್ಟು ಅತ್ತೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಊರಿಗೆ ನೀವೇ ಹೋಗಿ. ಶಾಲೆಯ ಬೆಂಚಿನಲ್ಲಲ್ಲ, ಅವಳ ಕೋಣೆಯಲ್ಲಿ, ನೆಲದ ಮೇಲೆ ಕೂರಿ. ನೀವು ಬೇಡ ಎಂದರೆ ನಮಗೆ ಬೇಜಾರಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಿ. ನಿಮ್ಮ ಉಗ್ರಾಣದಲ್ಲಿ ಬಿದ್ದಿರುವ ಆ ಕುಡುಗೋಲನ್ನು, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ, ಅವಳ ಕೈಗೆ ಕೊಡಿ. ಇದಕ್ಕೆ ಹೌದು ಎನ್ನಿ, ಇಲ್ಲವೇ ಇಲ್ಲ ಎನ್ನಿ. ಇಲ್ಲ ಎಂದರೂ ತಡೆದುಕೊಳ್ಳುತ್ತೇನೆ. ನೋಡೋಣ ಎಂದು ಮಾತ್ರ ಅನ್ನಬೇಡಿ. ಅದನ್ನು ಅನ್ನಬೇಕಾದವರು ನನಗೆ ಅಂದಾಗಿದೆ.

ಇಂತಿ,
ತನ್ನದೇ ಮನೆಗೆ ಬರ್ಲಾ ಎಂದು ಕೇಳಬೇಕಾಗಿ ಬಂದ,
ನಿಮ್ಮ ಮಾಜಿ ಇಂಟರ್ನ್,
"ದುರ್ಬೀನು"